ನ್ಯೂಜಿಲೆಂಡಿನಲ್ಲಿ 20 ದಿನ: ಹೋಗಿ ಬಂದವರು ಹೇಳಿ

ಹುಬ್ಬಳ್ಳಿ, ವಿದ್ಯಾನಗರದಿಂದ ಕೇಳಿದ್ದು

ಬರುವ ಫೆಬ್ರವರಿಯಲ್ಲಿ ನಾನು, ನನ್ನ ಹೆಂಡತಿ ನ್ಯೂಜಿಲೆಂಡಿಗೆ ಹೊರಟಿದ್ದೇವೆ. ಕೈಯಲ್ಲಿರುವುದು 20 ದಿನ. ಟೂರ್ ಕಂಪನಿ ಜೊತೆ ಹೋಗುವ ಮನಸ್ಸಿಲ್ಲ. ಬೆನ್ನಿಗೊಂದು ಬ್ಯಾಗು, ಬಾಡಿಗೆ ಗಾಡಿ, ಸಾಧ್ಯವಾದರೆ ಒಂದೆರಡು ದಿನ ಬೆಟ್ಟದಲ್ಲಿ ನಡಿಗೆ. ಇಬ್ಬರೂ ಸಸ್ಯಾಹಾರಿಗಳು. ಗಾಡಿ ಓಡಿಸುವುದು ನಾನೊಬ್ಬನೇ. ಆಕ್ಲೆಂಡಿನಲ್ಲಿ ಇಳಿದು ಉತ್ತರ ದ್ವೀಪ ಮುಗಿಸುವುದು, ವೆಲಿಂಗ್ಟನ್‌ನಿಂದ ಹಡಗಿನಲ್ಲಿ ದಕ್ಷಿಣ ದ್ವೀಪಕ್ಕೆ ಹೋಗುವುದು, ಕ್ವೀನ್ಸ್‌ಟೌನಿನಿಂದ ವಾಪಸ್. ಪಟ್ಟಿಯಲ್ಲಿ 17 ಊರು ಇವೆ. ಜಾಸ್ತಿ ಆಯ್ತಾ? ಒಳಗೇ ಮಲಗುವ ಕ್ಯಾಂಪರ್‌ವ್ಯಾನ್ ತಗೊಳ್ಳಲಾ, ಕಾರು ಸಾಕಾ? ಊಟಕ್ಕೆ ಏನು ಮಾಡಿದಿರಿ? ವಿಮಾನದ ಟಿಕೆಟ್ ಇನ್ನೂ ತೆಗೆದಿಲ್ಲ. ಬದಲಾಯಿಸುವುದಿದ್ದರೆ ಈಗಲೇ ಹೇಳಿ.

ಧಾರವಾಡ, ಮಾಳಮಡ್ಡಿ

ಜಾಸ್ತಿ ಆಯ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಎರಡು ಸಲ ಹೋಗಿದ್ದೇನೆ, 2018ರಲ್ಲಿ ಒಮ್ಮೆ, 2024ರಲ್ಲಿ ಒಮ್ಮೆ. ಮೊದಲ ಸಲ ನಿಮ್ಮ ಹಾಗೇ ಎರಡೂ ದ್ವೀಪ ಅಂತ ಹೊರಟೆ. ರೋಟೊರುವಾದ ಬಿಸಿನೀರಿನ ಬುಗ್ಗೆಗಳನ್ನು ನೋಡಿದ್ದು ಬೆಳಿಗ್ಗೆ ಒಂದೂವರೆ ತಾಸು. ಮಧ್ಯಾಹ್ನಕ್ಕೆ ಮತ್ತೆ ಗಾಡಿ. ಆ ಊರಿನ ಬಗ್ಗೆ ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಹೇಳಲು ಏನೂ ಇಲ್ಲ. ಎರಡನೇ ಸಲ ಬರೀ ದಕ್ಷಿಣ ದ್ವೀಪಕ್ಕೆ ಹೋದೆ. ಅದೇ ನನಗೆ ದಕ್ಕಿದ ಪ್ರವಾಸ.

ಮ್ಯಾಪಿನಲ್ಲಿ ಆ ದೇಶ ಪುಟ್ಟದಾಗಿ ಕಾಣುತ್ತದೆ. ಆದರೆ ಅದರ ವಿಸ್ತೀರ್ಣ ಸುಮಾರು 2,68,000 ಚದರ ಕಿ.ಮೀ. ನಮ್ಮ ಇಡೀ ಕರ್ನಾಟಕ 1,91,791. ಅಷ್ಟು ನೆಲದಲ್ಲಿ ಇರುವ ಜನ 53 ಲಕ್ಷದ ಆಸುಪಾಸು. ಊರಿಗೂ ಊರಿಗೂ ನಡುವೆ ಬೆಟ್ಟ, ಹೊಳೆ, ಕುರಿ, ಅಷ್ಟೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೈವೇ ಹಿಡಿದು ಹೋಗುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಊರು ದಾಟಿದರೆ ವೇಗದ ಮಿತಿ 100 ಅಂತ ಇರುತ್ತದೆ. ಆದರೆ ರಸ್ತೆ ಬಹುತೇಕ ಕಡೆ ಎರಡೇ ಲೇನು, ಘಟ್ಟದಲ್ಲಿ ತಿರುವಿನ ಮೇಲೆ ತಿರುವು. ತೆ ಅನೌ ಊರಿನಿಂದ, ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿರುವ ಮಿಲ್ಫರ್ಡ್ ಸೌಂಡ್‌ಗೆ 118 ಕಿ.ಮೀ. ಫೋನು ಎರಡು ತಾಸು ಅಂತ ತೋರಿಸಿತು. ನಮಗೆ ಐದು ತಾಸು ಹಿಡಿಯಿತು. ಒಂದು ನಿಮಿಷವೂ ದಂಡ ಆಗಲಿಲ್ಲ.

ಓಡಿಸುವುದು ನಮ್ಮ ಹಾಗೇ ಎಡಗಡೆ. ಅದು ದೊಡ್ಡ ಅನುಕೂಲ. ಕಲಿತು ಹೋಗಬೇಕಾದದ್ದು ಒಂದೇ ಲೇನಿನ ಸೇತುವೆ. ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿ ತುಂಬ ಅವೇ. ಸೇತುವೆಗೆ ಮೊದಲು ಬೋರ್ಡು ಇರುತ್ತದೆ. ಕೆಂಪು ಅಂಚಿನ ದುಂಡು ಬೋರ್ಡಿನಲ್ಲಿ ನಿಮ್ಮ ಕಡೆಯ ಬಾಣ ಕೆಂಪಗೆ, ಸಣ್ಣದಾಗಿದ್ದರೆ ನೀವು ನಿಲ್ಲಬೇಕು, ಎದುರಿನವರು ದಾಟಲಿ. ನೀಲಿ ಚೌಕದ ಬೋರ್ಡಿನಲ್ಲಿ ದೊಡ್ಡ ಬಿಳಿ ಬಾಣ ಇದ್ದರೆ ಮೊದಲ ಹಕ್ಕು ನಿಮ್ಮದು. ನಾನು ಮೊದಲ ಸೇತುವೆಗೆ ನಮ್ಮೂರಿನ ರೂಢಿಯಂತೆ ಲೈಟು ಮಿಣುಕಿಸಿ ನುಗ್ಗಿದೆ. ಎದುರಿಗೆ ಹಾಲಿನ ಟ್ಯಾಂಕರ್. ಆತ ಹಾರ್ನ್ ಕೂಡ ಮಾಡಲಿಲ್ಲ, ಸುಮ್ನೆ ನಿಂತ. ನಾನು ಸೇತುವೆಯ ಉದ್ದಕ್ಕೂ ರಿವರ್ಸ್ ಬಂದೆ. ಪಕ್ಕದಲ್ಲಿ ಕೂತ ತಂಗಿಯ ಕೈ ನಡುಗುತ್ತಿತ್ತು. ಬೋರ್ಡಿನ ಚಿತ್ರಗಳನ್ನು ಹೊರಡುವ ಮೊದಲೇ ನಿಮ್ಮ ಹೆಂಡತಿಗೂ ತೋರಿಸಿ. ಓಡಿಸುವವರಿಗಿಂತ ಪಕ್ಕದವರ ಕಣ್ಣಿಗೆ ಅವು ಬೇಗ ಬೀಳುತ್ತವೆ.

ಇನ್ನೊಂದು ಮಾತು. ಹಿಂದೆ ಎರಡು ಮೂರು ಗಾಡಿ ಸೇರಿದರೆ ಜಾಗ ನೋಡಿ ಬದಿಗೆ ಸರಿದು ದಾರಿ ಬಿಡಿ. ಅಲ್ಲಿಯವರಿಗೆ ಪ್ರವಾಸಿಗಳ ಮೇಲೆ ಸಿಟ್ಟು ಬರುವುದು ಇದೇ ಕಾರಣಕ್ಕೆ.

ಮಿಲ್ಫರ್ಡ್ ದಾರಿಯಲ್ಲಿ ಹೋಮರ್ ಸುರಂಗ ಸಿಗುತ್ತದೆ. 1.2 ಕಿ.ಮೀ. ಉದ್ದ, 1954ರಲ್ಲಿ ತೆರೆದದ್ದು. ಒಳಗೆ ಬಂಡೆಯನ್ನು ಕಡಿದ ಗುರುತು ಹಾಗೇ ಇದೆ, ನೀರು ಜಿನುಗುತ್ತಿರುತ್ತದೆ. ಆಚೆ ಕಡೆಗೆ ಇಳಿಜಾರು. ಹಗಲಲ್ಲಿ ಸಿಗ್ನಲ್ಲು ಹಾಕಿ ಒಂದೊಂದು ಕಡೆಯ ಗಾಡಿ ಬಿಡುತ್ತಾರೆ. ಕಾಯುವಾಗ ಕೀಯಾ ಅನ್ನುವ ಹಸಿರು ಗಿಳಿಗಳು ಕಾರಿನ ಮೇಲೇ ಬಂದು ಕೂತು ಕಿಟಕಿಯ ರಬ್ಬರ್ ಕೀಳುತ್ತವೆ. ಚಂದ ಅಂತ ತಿನ್ನಲು ಏನೂ ಹಾಕಬೇಡಿ. ಅವುಗಳಿಗೇ ಕೆಟ್ಟದ್ದು. ಪೆಟ್ರೋಲ್ ತೆ ಅನೌದಲ್ಲೇ ತುಂಬಿಸಿ. ಅಲ್ಲಿಂದ ಮುಂದೆ ಫೋನಿಗೆ ಸಿಗ್ನಲ್ ಕೂಡ ಹೋಗುತ್ತದೆ.

ನಾವು ದೋಣಿಗೆ ಬುಕ್ ಮಾಡಿದ ದಿನ ಧೋ ಅಂತ ಮಳೆ. ವರ್ಷಕ್ಕೆ 6,500 ಮಿ.ಮೀ.ಗೂ ಜಾಸ್ತಿ ಸುರಿಯುವ ಜಾಗ ಅದು, ನಮ್ಮ ಆಗುಂಬೆಯ ಸಾಲಿನದು. ಮುಖ ಸಪ್ಪೆ ಮಾಡಿಕೊಂಡು ಹತ್ತಿದೆವು. ಮಳೆ ಇಲ್ಲದ ದಿನ ಅಲ್ಲಿ ಬೌವೆನ್, ಸ್ಟರ್ಲಿಂಗ್ ಅಂತ ಎರಡೇ ದೊಡ್ಡ ಜಲಪಾತ ಇರುತ್ತವಂತೆ. ಆವತ್ತು ಕಂಡ ಕಂಡ ಬಂಡೆಯಿಂದೆಲ್ಲ ನೀರು ಬೀಳುತ್ತಿತ್ತು. ಕೆಲವು ನೀರಿನ ಎಳೆ ಕೆಳಗೆ ಮುಟ್ಟುತ್ತಲೇ ಇರಲಿಲ್ಲ, ನಡುವೆಯೇ ಗಾಳಿಗೆ ಸಿಕ್ಕಿ ಮೇಲಕ್ಕೆ ಹೋಗುತ್ತಿತ್ತು. ಸ್ಟರ್ಲಿಂಗ್ ಹತ್ತಿರ ದೋಣಿಯವನು ಇಂಜಿನ್ ನಿಧಾನ ಮಾಡಿದ. ಯಾರೂ ಮಾತಾಡಲಿಲ್ಲ. ಜುಲೈ ತಿಂಗಳ ಜೋಗದ ಮುಂದೆ ನಿಂತಾಗ ಎದೆಯಲ್ಲಿ ಆಗುವ ಸದ್ದು ನೆನಪಿದೆಯಲ್ಲ, ಅದು. ಮಳೆ ಬಂತು ಅಂತ ಟಿಕೆಟ್ ರದ್ದು ಮಾಡಬೇಡಿ.

ಗದಗ

ನಡಿಗೆಯ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿ ಟ್ರೆಕ್ಕಿಂಗ್ ಅನ್ನುವುದಿಲ್ಲ, ಟ್ರ್ಯಾಂಪಿಂಗ್ ಅನ್ನುತ್ತಾರೆ. ಸರ್ಕಾರದ ಸಂರಕ್ಷಣಾ ಇಲಾಖೆ ಒಂದಿದೆ, ಎಲ್ಲರೂ ಡಾಕ್ ಅಂತ ಕರೆಯುತ್ತಾರೆ. ಬೆಟ್ಟದ ಮೇಲಿನ 950ಕ್ಕೂ ಹೆಚ್ಚು ಗುಡಿಸಲುಗಳನ್ನು ಅದೇ ನೋಡಿಕೊಳ್ಳುತ್ತದೆ. ಗುಡಿಸಲು ಅಂದರೆ ಗಟ್ಟಿ ಮರದ ಮನೆ. ಒಳಗೆ ಸಾಲು ಮಂಚ, ಮೇಲೆ ಹಾಸಿಗೆ. ಹೊದಿಕೆ ಇರುವುದಿಲ್ಲ, ಮಲಗುವ ಚೀಲ ನಿಮ್ಮದೇ. ಪಾತ್ರೆಯೂ ನಿಮ್ಮದೇ. ಕಸ ಒಂದು ಚೂರೂ ಬಿಡದೆ ಬ್ಯಾಗಿನಲ್ಲಿ ವಾಪಸ್ ತರಬೇಕು.

ಹೆಸರಾದ 11 ದಾರಿಗಳಿಗೆ ಗ್ರೇಟ್ ವಾಕ್ಸ್ ಅನ್ನುತ್ತಾರೆ. ಸೀಸನ್ ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ. ಬುಕಿಂಗ್ ತಿಂಗಳುಗಟ್ಟಲೆ ಮೊದಲೇ ತೆರೆಯುತ್ತದೆ. ಮಿಲ್ಫರ್ಡ್ ಟ್ರ್ಯಾಕ್ ಅಂತೂ ನೋಡುತ್ತಿದ್ದಂತೆ ತುಂಬಿಬಿಡುತ್ತದೆ. ಹೊರಗಿನವರಿಗೆ ದರ ಜಾಸ್ತಿ. ನಿಮ್ಮ ಹತ್ತಿರ ಬಾಡಿಗೆ ಗಾಡಿ ಇರುವುದರಿಂದ ತೆ ಅನೌ ಹತ್ತಿರದ ಕೆಪ್ಲರ್ ಟ್ರ್ಯಾಕ್ ಒಳ್ಳೆಯದು. 60 ಕಿ.ಮೀ. ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ರೌಟ್‌ಬರ್ನ್ ಚಂದ ಇದೆ, ನಡೆಯುವುದು 33 ಕಿ.ಮೀ. ಅಷ್ಟೇ. ಆದರೆ ಆ ತುದಿಯಿಂದ ಈ ತುದಿಗೆ ರಸ್ತೆಯಲ್ಲಿ ಬರಲು 300 ಕಿ.ಮೀ.ಗೂ ಹೆಚ್ಚು. ಗಾಡಿ ಒಂದು ಕಡೆ, ನೀವು ಒಂದು ಕಡೆ ಆಗುತ್ತೀರಿ.

ನಾವು ಮೂವರು ಗೆಳೆಯರು ಹೋಗುವ ಮೊದಲು ಎರಡು ತಿಂಗಳು ಪ್ರತಿ ಭಾನುವಾರ ಕಪ್ಪತ್ತಗುಡ್ಡ ಹತ್ತಿದೆವು. ಬ್ಯಾಗಿನಲ್ಲಿ ಹತ್ತು ಕಿಲೋ ಜೋಳ. ಸುಮ್ನೆ ಕೈಬೀಸಿ ಹತ್ತುವುದಕ್ಕೂ ಅದಕ್ಕೂ ಬಹಳ ಫರಕು. ಹೆಗಲಿನ ಪಟ್ಟಿ ಎಲ್ಲಿ ಕೊರೆಯುತ್ತದೆ, ಯಾವ ಬೆರಳಿಗೆ ಗುಳ್ಳೆ ಏಳುತ್ತದೆ ಅನ್ನುವುದು ಇಲ್ಲೇ ತಿಳಿಯಿತು. ಕೆಪ್ಲರ್‌ನಲ್ಲಿ ಲಕ್ಸ್‌ಮೋರ್ ಗುಡಿಸಲು ದಾಟಿದ ಮೇಲೆ ಬೆಟ್ಟದ ಬೆನ್ನಿನ ಮೇಲೆ ನಡೆಯಬೇಕು. ಮರ ಇಲ್ಲ, ಮರೆ ಇಲ್ಲ. ಗಾಳಿ ತಳ್ಳಿದರೆ ಕೂತೇಬಿಡಬೇಕು, ಅಂಥ ಗಾಳಿ. ಸಂಜೆ ಗುಡಿಸಲಿನ ರೇಂಜರ್ ಬಂದು ಮರುದಿನದ ಹವೆ ಹೇಳುತ್ತಾರೆ. ಅವರು ಬೇಡ ಅಂದರೆ ಬೇಡ.

ರಾತ್ರಿ ತಂಗುವುದು ಬೇಡ ಅಂದರೆ ಮೌಂಟ್ ಕುಕ್ ಹಳ್ಳಿಯಿಂದ ಸೀಲಿ ಟಾರ್ನ್ಸ್ ಹತ್ತಿ. 2,200 ಮೆಟ್ಟಿಲು, ಅಂದರೆ ಚಾಮುಂಡಿ ಬೆಟ್ಟವನ್ನು ಎರಡು ಸಲ ಹತ್ತಿದಷ್ಟು. ಮೇಲೆ ಪುಟ್ಟ ಹೊಂಡದಲ್ಲಿ ನಿಂತ ನೀರು, ಎದುರಿಗೆ 3,724 ಮೀಟರಿನ ಅಓರಾಕಿ, ಅಂದರೆ ಮೌಂಟ್ ಕುಕ್ ಶಿಖರ. ಮಂಜುಗಡ್ಡೆ ಒಡೆದು ಬೀಳುವ ಸದ್ದು ಕಣಿವೆ ದಾಟಿ ಬರುತ್ತದೆ. ಬಿದ್ದದ್ದು ಕಣ್ಣಿಗೆ ಕಾಣುವುದಿಲ್ಲ, ಗುಡುಗಿನ ಹಾಗೆ ಸದ್ದು ಮಾತ್ರ.

ಹಾವೇರಿ

ಊಟದ ಚಿಂತೆ ಬೇಡ. ಚಿಂತೆ ಮಾಡಬೇಕಾದದ್ದು ವಿಮಾನ ನಿಲ್ದಾಣದಲ್ಲಿ. ತಿನ್ನುವ ಪದಾರ್ಥ ಏನೇ ಇದ್ದರೂ ದೇಶದೊಳಗೆ ಬರುವವರು ತುಂಬುವ ಫಾರ್ಮಿನಲ್ಲಿ ಹೌದು ಅಂತ ಬರೆಯಿರಿ. ಮರೆತು ಉಳಿದ ಒಂದು ಸೇಬು ಸಿಕ್ಕರೂ ನಿಂತಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಹೇಳಿದರೆ ದಂಡ ಇಲ್ಲ, ಬೇಡವಾದದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ ಅಷ್ಟೇ.

ನಮ್ಮ ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬ್ಯಾಡಗಿ ಖಾರದ ಪುಡಿ, ಒಂದು ಡಬ್ಬಿ ಧಾರವಾಡ ಪೇಡೆ ಇತ್ತು. ಅಧಿಕಾರಿ ಹೆಣ್ಣುಮಗಳು ಒಂದೊಂದೇ ತೆಗೆದು ಮೇಜಿನ ಮೇಲೆ ಇಟ್ಟಳು. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಚಟ್ನಿ ಹುರಿದದ್ದಾ ಅಂತ ಕೇಳಿದಳು, ಹೌದು ಅಂದೆ. ಪೇಡೆ ಹಾಲಿನದು ಅಂದಾಗ ಅದೊಂದನ್ನು ಬದಿಗಿಟ್ಟಳು. ಅಲ್ಲಿರುವ ನಮ್ಮ ಅಕ್ಕನಿಗೆ ಅಂತ ಒಯ್ದಿದ್ದೆ, ಬಹಳ ಸಂಕಟ ಆಯಿತು. ಆದರೆ ಅವರ ದನಗಳಿಗೆ ಹೊರಗಿನ ರೋಗ ಬರಬಾರದು ಅಂತ ಮಾಡಿದ ನಿಯಮ ಅದು. ಮನೆಯಲ್ಲಿ ಎಮ್ಮೆ ಕಟ್ಟಿದವರಿಗೆ ಅದು ಅರ್ಥ ಆಗುತ್ತದೆ. ಬೂಟು, ಟೆಂಟು ಇದ್ದರೆ ಮನೆಯಲ್ಲೇ ತೊಳೆಯಿರಿ. ಬೂಟಿನ ಅಟ್ಟೆಯ ಸಂದಿಯಲ್ಲಿ ನಮ್ಮ ಎರೆಮಣ್ಣು ಒಣಗಿ ಕೂತಿರುತ್ತದೆ, ಬ್ರಷ್ಷು ಬೇಕು.

ಊಟಕ್ಕೆ ಸೂಪರ್‌ಮಾರ್ಕೆಟಿನಲ್ಲಿ ರವೆ, ಅಕ್ಕಿ, ಬೇಳೆ, ಮೊಸರು, ತರಕಾರಿ ಎಲ್ಲಾ ಸಿಗುತ್ತದೆ. ಹಾಲಿಡೇ ಪಾರ್ಕ್ ಅಂತ ಇರುತ್ತವೆ. ಅಲ್ಲಿ ಎಲ್ಲರಿಗೂ ಸೇರಿ ದೊಡ್ಡ ಅಡುಗೆಮನೆ. ಬೆಳಿಗ್ಗೆ ಉಪ್ಪಿಟ್ಟು, ದಾರಿಗೆ ಚಿತ್ರಾನ್ನ, ರಾತ್ರಿ ಬೇಳೆ ಅನ್ನ. 16 ದಿನದಲ್ಲಿ ನಾವು ಹೊರಗೆ ಉಂಡದ್ದು ಮೂರೇ ಸಲ. ಒಂದು ಸಣ್ಣ ಕುಕ್ಕರ್ ಒಯ್ಯಿರಿ.

ನುಸಿಯ ಬಗ್ಗೆ ಯಾರೂ ಬರೆದಿಲ್ಲ. ಸ್ಯಾಂಡ್‌ಫ್ಲೈ ಅಂತ, ಸಾಸಿವೆ ಕಾಳಿನಷ್ಟು ಕಪ್ಪು ಹುಳ. ಮಿಲ್ಫರ್ಡ್ ಕಡೆ, ಪಶ್ಚಿಮ ಕರಾವಳಿಯಲ್ಲಿ ವಿಪರೀತ. ನಡೆಯುತ್ತಿದ್ದರೆ ಬರುವುದಿಲ್ಲ, ನಿಂತ ತಕ್ಷಣ ಮುತ್ತುತ್ತವೆ. ವಾರಗಟ್ಟಲೆ ತುರಿಕೆ. ಕಾಲು ಮುಚ್ಚುವ ಬಟ್ಟೆ ಹಾಕಿ. ಬಿಸಿಲಿನ ಕ್ರೀಮು ಕೂಡ. ನಾವು ಬಿಸಿಲಿಗೆ ಹುಟ್ಟಿದವರು ಅಂತ ನಾನು ಹಚ್ಚಲಿಲ್ಲ, ಎರಡೇ ದಿನಕ್ಕೆ ಮೂಗಿನ ಚರ್ಮ ಸುಲಿಯಿತು.

ಹುಬ್ಬಳ್ಳಿ, ಕೇಶ್ವಾಪುರ

ವ್ಯಾನಾ ಕಾರಾ ಅನ್ನುವುದಕ್ಕೆ: ಇಬ್ಬರೇ, ಓಡಿಸುವುದು ಒಬ್ಬರೇ ಅಂದರೆ ನನ್ನ ಮತ ಕಾರಿಗೆ. ನಾವು ನಾಲ್ವರು ವ್ಯಾನಿನಲ್ಲಿ ಹೋಗಿದ್ದೆವು. ಖುಷಿ ಇತ್ತು, ಆದರೆ ಅದು ಘಟ್ಟದಲ್ಲಿ ನಿಧಾನ, ಗಾಳಿಗೆ ಓಲಾಡುತ್ತದೆ. ಎಲ್ಲಿ ಬೇಕಾದಲ್ಲಿ ನಿಲ್ಲಿಸಿ ಮಲಗಬಹುದು ಅನ್ನುವ ಮಾತು ನಂಬಬೇಡಿ. 2023ರಲ್ಲಿ ಕಾನೂನು ಬಿಗಿ ಮಾಡಿದ್ದಾರೆ. ಗಾಡಿಯೊಳಗೆ ಕೂರಿಸಿದ ಟಾಯ್ಲೆಟ್ ಇರಬೇಕು, ಆ ಅನುಕೂಲ ಗಾಡಿಯಲ್ಲೇ ಇದೆ ಅನ್ನುವ ಹಸಿರು ಸರ್ಟಿಫಿಕೇಟು ಅಂಟಿಸಿರಬೇಕು. ಇಲ್ಲದಿದ್ದರೆ ನೂರಾರು ಡಾಲರ್ ದಂಡ.

ವ್ಯಾನೇ ಬೇಕು ಅಂದರೆ ಡೀಸೆಲ್ ಲೆಕ್ಕ ಸರಿಯಾಗಿ ಕೇಳಿ. ಬಂಕಿನಲ್ಲಿ ಡೀಸೆಲ್ ಅಗ್ಗ ಕಾಣುತ್ತದೆ, ಯಾಕೆಂದರೆ ಪೆಟ್ರೋಲಿನ ಹಾಗೆ ರಸ್ತೆ ತೆರಿಗೆ ಅದರಲ್ಲಿ ಸೇರಿರುವುದಿಲ್ಲ. ಓಡಿದ ಕಿಲೋಮೀಟರ್ ಮೇಲೆ ಬೇರೆ ಕಟ್ಟಬೇಕು. ನಾವು ಬಾಡಿಗೆ ತಗೊಂಡಲ್ಲಿ ಅದನ್ನು ಮೊದಲು ಹೇಳಲಿಲ್ಲ. ಗಾಡಿ ವಾಪಸ್ ಕೊಡುವ ದಿನ ಬಿಲ್ಲಿನಲ್ಲಿ ಬಂತು. ಟಾರು ಇಲ್ಲದ ರಸ್ತೆಗೆ ವಿಮೆ ಇದೆಯಾ ಅಂತಲೂ ಬರೆಸಿಕೊಳ್ಳಿ.

ವಿದ್ಯಾನಗರ

ಎಲ್ಲರಿಗೂ ದೊಡ್ಡ ನಮಸ್ಕಾರ. ಉತ್ತರ ದ್ವೀಪ ಬಿಟ್ಟೆವು. ಕಾರೇ ತಗೊಳ್ಳುತ್ತೇವೆ. ಹೆಂಡತಿಗೆ ಬೆಟ್ಟದಲ್ಲಿ ಒಂದು ರಾತ್ರಿಯಾದರೂ ಉಳಿಯುವ ಆಸೆ ಇದೆ. 18 ರಾತ್ರಿಯನ್ನು ಹೇಗೆ ಹಂಚಲಿ? ವೀಸಾ, ಲೈಸೆನ್ಸು ಬಗ್ಗೆಯೂ ಒಂದು ಮಾತು ಹೇಳಿ.

ಧಾರವಾಡ, ಮಾಳಮಡ್ಡಿ

ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ನೇರ ಕ್ರೈಸ್ಟ್‌ಚರ್ಚ್. ಎರಡೂ ಒಂದೇ ಟಿಕೆಟ್ಟಿನಲ್ಲಿ ಇರಲಿ. ಮೊದಲ ರಾತ್ರಿ ಕ್ರೈಸ್ಟ್‌ಚರ್ಚ್‌ನಲ್ಲಿ ಮಲಗಿ, ಇಳಿದ ದಿನವೇ ಗಾಡಿ ಓಡಿಸಬೇಡಿ. ಟೆಕಾಪೊ ಕೆರೆಯಲ್ಲಿ ಒಂದು ರಾತ್ರಿ. ಮೋಡ ಇಲ್ಲದಿದ್ದರೆ ನಕ್ಷತ್ರ ನೋಡಲು ಎದ್ದೇ ಇರಿ. ಮೌಂಟ್ ಕುಕ್‌ನಲ್ಲಿ ಮೂರು, ಒಂದು ದಿನ ಹವೆ ಕೆಟ್ಟರೂ ಒಂದು ಸಿಗುತ್ತದೆ. ಕ್ರೋಮ್‌ವೆಲ್‌ನಲ್ಲಿ ಒಂದು, ಆಗ ಅಲ್ಲಿ ಜರ್ದಾಳು, ಪೀಚ್ ತೋಟಗಳ ಸುಗ್ಗಿ. ತೆ ಅನೌಗೆ ಐದು ಇಟ್ಟುಕೊಳ್ಳಿ. ಕೆಪ್ಲರ್ ಪೂರ್ತಿ ಬೇಡ, ಲಕ್ಸ್‌ಮೋರ್ ಗುಡಿಸಲಿಗೆ ಹತ್ತಿ ಒಂದು ರಾತ್ರಿ ಮಲಗಿ ಅದೇ ದಾರಿಯಲ್ಲಿ ಇಳಿಯಿರಿ. ವಾನಕಾ ಮೂರು. ಹಾಸ್ಟ್ ಘಟ್ಟ ದಾಟಿ ಫ್ರಾನ್ಸ್ ಜೋಸೆಫ್ ಎರಡು. ಅಲ್ಲಿಯ ಹಿಮನದಿಯ ಮೇಲೆ ಕಾಲಿಡಲು ಈಗ ಹೆಲಿಕಾಪ್ಟರೇ ಬೇಕು, ದುಡ್ಡು ಬಹಳ, ದೂರದಿಂದ ನೋಡಿದರೂ ಸಾಕು. ಆರ್ಥರ್ಸ್ ಪಾಸ್ ಒಂದು, ಮತ್ತೆ ಕ್ರೈಸ್ಟ್‌ಚರ್ಚ್ ಒಂದು. 18 ಆಯಿತು. ಫೆಬ್ರವರಿ 6 ಅಲ್ಲಿ ವೈತಾಂಗಿ ದಿನ, ರಜೆ. ಆ ಸುತ್ತಿನ ರೂಮು ಮೊದಲೇ ಹಿಡಿಯಿರಿ.

ವೀಸಾ ಆನ್‌ಲೈನಿನಲ್ಲೇ. ಶುಲ್ಕದ ಜೊತೆ ಪ್ರವಾಸಿ ತೆರಿಗೆ ಅಂತ 100 ಡಾಲರ್ ಸೇರುತ್ತದೆ, 2024ರ ಅಕ್ಟೋಬರಿನಿಂದ ಅಷ್ಟು ಮಾಡಿದ್ದಾರೆ. ಕನ್ನಡದಲ್ಲಿರುವ ಕಾಗದ ಏನಾದರೂ ಹಾಕುವುದಿದ್ದರೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಲೈಸೆನ್ಸಿಗೆ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ನಮ್ಮ ಕಾರ್ಡನ್ನೂ ಜೊತೆಗೇ ಇಟ್ಟುಕೊಳ್ಳಿ. ತುರ್ತಿಗೆ ಅಲ್ಲಿಯ ನಂಬರ್ 111.

ಮಲಗುವ ಚೀಲ ಹೊಸದು ಕೊಳ್ಳಬೇಡಿ. ನನ್ನ ಹತ್ತಿರ ಎರಡಿವೆ, ತೊಳೆದು ಇಟ್ಟಿದ್ದೇನೆ. ಮಾಳಮಡ್ಡಿ ಕಡೆ ಬಂದಾಗ ಒಯ್ಯಿರಿ.