ಕಲ್ಲಿನ ದೂಳಿಗೆ ಮಾಸ್ಕ್ ಒಂದೇ ಸಾಕೇ?

ಪ್ರಶ್ನೆ: ನಮಸ್ಕಾರ ಸರ್. ಅಡುಗೆಮನೆ ಕಟ್ಟೆಗೆ ಗ್ರಾನೈಟ್, ಕ್ವಾರ್ಟ್ಜ್ ಸ್ಲ್ಯಾಬ್ ಕತ್ತರಿಸಿ ಕೊಡುವ ಸಣ್ಣ ವರ್ಕ್‌ಶಾಪ್ ನಮ್ಮದು. ಏಳು ಹುಡುಗರಿದ್ದಾರೆ. ಸಿಂಕ್ ಕೂರಿಸುವ ಕಿಂಡಿ, ಅಂಚಿನ ಕೆಲಸವೆಲ್ಲ ನೀರಿಲ್ಲದೆ ಕೈ ಗ್ರೈಂಡರಿನಲ್ಲೇ. ಎಲ್ಲರಿಗೂ ಮಾಸ್ಕ್ ತಂದುಕೊಟ್ಟಿದ್ದೇನೆ, ಅರ್ಧ ಗಂಟೆಯೊಳಗೆ ಅದು ಗಲ್ಲಕ್ಕೆ ಇಳಿದಿರುತ್ತದೆ. ದಂಡ ಹಾಕಿದರೆ ಸರಿಹೋದೀತೇ?

ಉತ್ತರ (ಕಾರ್ಖಾನೆ ಸುರಕ್ಷತಾ ಅಧಿಕಾರಿ): ದಂಡ ಬೇಡ. ತಗಡಿನ ಸೂರಿನಡಿ, ಆ ಸೆಕೆಯಲ್ಲಿ, ಎಂಟು ಗಂಟೆ ಮಾಸ್ಕ್ ಕಟ್ಟಿಕೊಂಡು ನೀವೇ ಒಂದು ದಿನ ದುಡಿದು ನೋಡಿ.

ಮೊದಲು ದೂಳು ಎಲ್ಲೆಲ್ಲಿ ಏಳುತ್ತದೆಂದು ನೋಡಿಕೊಳ್ಳಿ. ಸಂಜೆ ದೀಪ ಆರಿಸಿ, ಗ್ರೈಂಡರ್ ಓಡುವಾಗ ದೂಳಿನ ಆಚೆ ಬದಿಯಿಂದ ಮೊಬೈಲಿನ ಟಾರ್ಚ್ ಹಿಡಿಸಿ, ಈಚೆ ನಿಂತು ನೋಡಿ. ಹಗಲಲ್ಲಿ ಕಾಣದ ಹೊಗೆಯಂಥ ಪುಡಿ ಹುಡುಗನ ಮೂಗಿನ ಸುತ್ತ ಸುತ್ತುವುದು ಕಾಣುತ್ತದೆ. ಶ್ವಾಸಕೋಶದ ತಳಕ್ಕೆ ಇಳಿಯುವುದು ಅದೇ. ನೆಲದ ಮೇಲೆ ಬೀಳುವ ದಪ್ಪ ಪುಡಿಯಲ್ಲ.

ಎಲ್ಲ ಕಲ್ಲೂ ಒಂದೇ ಅಲ್ಲ. ಶ್ವಾಸಕೋಶ ಕೆಡಿಸುವುದು ಕಲ್ಲಿನೊಳಗಿನ ಸಿಲಿಕಾ ಎಂಬ ಖನಿಜ. ಅಮೃತಶಿಲೆಯಲ್ಲಿ ಅದು ತೀರಾ ಕಡಿಮೆ, ಗ್ರಾನೈಟಿನಲ್ಲಿ ಗಣನೀಯ. ಕಾರ್ಖಾನೆಯಲ್ಲಿ ರಾಳ ಬೆರೆಸಿ ಒತ್ತಿದ ಕ್ವಾರ್ಟ್ಜ್ ಸ್ಲ್ಯಾಬಿನಲ್ಲಿ ಶೇ 90ಕ್ಕೂ ಹೆಚ್ಚು ಇರಬಹುದು. ಅದನ್ನು ಕೊಯ್ಯುವ ಯುವಕರು ಸಿಲಿಕೋಸಿಸ್‌ಗೆ (ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ರೋಗ) ತುತ್ತಾದ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈನಲ್ಲಿ ಅಂಥ ಕಲ್ಲನ್ನು ನಿಷೇಧಿಸಿತು. ನೀವು ಮೊದಲು ನಿಲ್ಲಿಸಬೇಕಾದದ್ದು ಕ್ವಾರ್ಟ್ಜನ್ನು ಒಣದಾಗಿ ಕೊಯ್ಯುವುದನ್ನು. ಗಿರಾಕಿಗೆ ಗ್ರಾನೈಟ್ ಒಪ್ಪಿಸಿದರೆ ಅಪಾಯ ಅಷ್ಟರಮಟ್ಟಿಗೆ ಬಾಗಿಲಲ್ಲೇ ತಗ್ಗಿತು.

ಮುಂದಿನದು ನೀರು. ಬ್ಲೇಡ್ ಕಲ್ಲಿಗೆ ತಾಗುವ ಜಾಗಕ್ಕೇ ನೀರು ಬೀಳಬೇಕು. ಪಕ್ಕದಲ್ಲಿ ಬಕೆಟ್ ಇಟ್ಟು ಆಗಾಗ ಎರಚಿದರೆ ಪ್ರಯೋಜನವಿಲ್ಲ. ಕೊಯ್ದ ಕೆಸರನ್ನು ಒಣಗುವ ಮೊದಲೇ ಬಳಿದು ತೆಗೆಯಿರಿ, ಒಣಗಿದರೆ ಮತ್ತೆ ದೂಳೇ. ಒಣ ಪೊರಕೆ ಬೇಡ. ಊಟಕ್ಕೆ ಹೊರಡುವಾಗ ಕಂಪ್ರೆಸರ್ ಗಾಳಿಯಲ್ಲಿ ಬಟ್ಟೆ ಕೊಡವಿಕೊಳ್ಳುವ ಅಭ್ಯಾಸ ಎಲ್ಲ ಕಡೆ ಇದೆ, ನಿಮ್ಮಲ್ಲೂ ಇರುತ್ತದೆ. ಅದನ್ನು ಇಂದೇ ನಿಲ್ಲಿಸಿ.

ಇಷ್ಟಾದ ಮೇಲೆ ಮಾಸ್ಕ್. ಬಟ್ಟೆಯದು ಸಾಲದು, ಎನ್95 ದರ್ಜೆಯದು ಬೇಕು. ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಸುಳುತ್ತದೆ.

ಮರುಪ್ರಶ್ನೆ: ನೀರು ಹರಿಸಿದರೆ ಗ್ರೈಂಡರಿನಿಂದ ಶಾಕ್ ಹೊಡೆಯುವುದಿಲ್ಲವೇ ಸರ್?

ಉತ್ತರ: ಸಾಮಾನ್ಯ ಗ್ರೈಂಡರಾದರೆ ಖಂಡಿತ ಹೊಡೆಯಬಹುದು. ಒಂದು ಅಪಾಯ ಕಳೆಯಲು ಹೋಗಿ ಇನ್ನೊಂದನ್ನು ಒಳಗೆ ಕರೆದಂತಾಗುತ್ತದೆ. ನಿಮ್ಮಲ್ಲಿ ಕಂಪ್ರೆಸರ್ ಹೇಗೂ ಇದ್ದರೆ, ಅದರ ಸಾಮರ್ಥ್ಯ ನೋಡಿಕೊಂಡು ಗಾಳಿಯಿಂದ ಓಡುವ ಗ್ರೈಂಡರ್ ಕೊಳ್ಳಿ. ವಿದ್ಯುತ್ತಿನದೇ ಆಗಬೇಕೆಂದರೆ ನೀರಿನ ಬಳಕೆಗೆಂದೇ ತಯಾರಾದದ್ದು ಇರಲಿ, ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿ. ಖರ್ಚು ಎನ್ನಬೇಡಿ, ಕೆಲಸದಿಂದ ಬಂದರೆ ಮಾಲೀಕರು ಪರಿಹಾರ ಕೊಡಬೇಕಾದ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇದೆ; 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಇತ್ತು, ಅದರ ಬದಲಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ.

ಇನ್ನೊಬ್ಬರ ಪ್ರಶ್ನೆ: ನಾನು ನಾಲ್ಕು ವರ್ಷದಿಂದ ಅಂಚು ಪಾಲಿಶ್ ಮಾಡುತ್ತಿದ್ದೇನೆ. ಮೆಟ್ಟಿಲು ಹತ್ತಿದರೆ ಏದುಸಿರು, ಒಣಕೆಮ್ಮು. ಟಿ.ಬಿ. ಇರಬಹುದು ಎನ್ನುತ್ತಾರೆ.

ಉತ್ತರ: ಇರಲೂಬಹುದು. ಸಿಲಿಕಾ ಸೇರಿದ ಶ್ವಾಸಕೋಶಕ್ಕೆ ಟಿ.ಬಿ. ಬೇಗ ಅಂಟುತ್ತದೆ, ಎಕ್ಸ್‌ರೇಯಲ್ಲಿ ಎರಡೂ ಒಂದೇ ರೀತಿ ಕಾಣುವುದುಂಟು. ಈ ವಾರವೇ ಶ್ವಾಸಕೋಶ ತಜ್ಞರ ಬಳಿ ಹೋಗಿ, ಕಫ ಪರೀಕ್ಷೆ, ಎಕ್ಸ್‌ರೇ ಮಾಡಿಸಿ. ಅಲ್ಲಿಯವರೆಗೆ ದೂಳಿನ ಕೆಲಸ ಬಿಡಿ. ವೈದ್ಯರು ಕೇಳದಿದ್ದರೂ ನೀವು ಯಾವ ಕಲ್ಲು ಉಜ್ಜುತ್ತೀರಿ, ಎಷ್ಟು ವರ್ಷದಿಂದ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.