ಸ್ಪ್ರಿಂಗ್‌ಸ್ಟೀನ್ ಹಾಡಿದ ಹಳೆಯ ಸೋಲ್ ಗೀತೆಗಳು: ಮೂಲವಿರುವಾಗ ಇವೇಕೆ?

ಪ್ರಶ್ನೆ
ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ 73ರ ವಯಸ್ಸಿನಲ್ಲಿ, 2022ರ ನವೆಂಬರ್‌ನಲ್ಲಿ ಹೊರತಂದ ‘ಓನ್ಲಿ ದ ಸ್ಟ್ರಾಂಗ್ ಸರ್ವೈವ್’ ಆಲ್ಬಂ ಅನ್ನು ಈಚೆಗೆ ಪೂರ್ತಿಯಾಗಿ ಕೇಳಿದೆ. ಅದರ 15 ಹಾಡುಗಳಲ್ಲಿ ಹೆಚ್ಚಿನವು 1960ರ ದಶಕದ ಸೋಲ್ (soul, ಅಮೆರಿಕದ ಕಪ್ಪು ಜನರ ಭಾವಪ್ರಧಾನ ಜನಪ್ರಿಯ ಸಂಗೀತ) ಗೀತೆಗಳು. ವಾದ್ಯಸಂಯೋಜನೆಯೂ ಬಹುಮಟ್ಟಿಗೆ ಮೂಲದ ಜಾಡಿನಲ್ಲೇ ಇದೆ. ಟೆಂಪ್ಟೇಷನ್ಸ್ ತಂಡದ ‘ಐ ವಿಶ್ ಇಟ್ ವುಡ್ ರೇನ್’ ಹಾಡಿನಲ್ಲಿ ಡೇವಿಡ್ ರಫಿನ್ ಅವರ ಕಂಠವನ್ನು ಕೇಳಿದವರಿಗೆ ಇದರ ಅಗತ್ಯವಾದರೂ ಏನು? ತಾವೇ ಬರೆದು ಹಾಡಿ ಹೆಸರಾದ ಗಾಯಕರೊಬ್ಬರು ಬೇರೆಯವರ ಹಾಡುಗಳನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ಹಾಡಿದಾಗ ಕೇಳುಗರು ಅದರಲ್ಲಿ ಏನನ್ನು ಅರಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1
ಶಾರೀರವನ್ನು ಅರಸಬೇಕು. ಬರಿಯ ಹಾಡುಗಾರನಾಗಿ ಒಂದು ಆಲ್ಬಂ ಮಾಡುವ ಆಸೆಯಿತ್ತೆಂದು ಸ್ಪ್ರಿಂಗ್‌ಸ್ಟೀನ್ ಅವರೇ ಹೇಳಿಕೊಂಡಿದ್ದಾರೆ. ಶೀರ್ಷಿಕೆ ಗೀತೆಯನ್ನೇ ನೋಡಿ: ಮೊದಲ ಪ್ರೇಮದಲ್ಲಿ ಸೋತ ಮಗನಿಗೆ ತಾಯಿ ಧೈರ್ಯ ಹೇಳುವುದು ಅದರ ವಸ್ತು. 1969ರಲ್ಲಿ ಅದು ಜನಪ್ರಿಯವಾದಾಗ ಮೂಲಗಾಯಕ ಜೆರ್ರಿ ಬಟ್ಲರ್ ಅವರಿಗೆ 30 ತುಂಬಿರಲಿಲ್ಲ. ತಾಯಿಯ ಮಾತು ಮೊನ್ನೆಯಷ್ಟೇ ಕಿವಿಗೆ ಬಿದ್ದದ್ದೆಂಬಂತೆ ಹಾಡಿದ್ದಾರೆ. 70 ದಾಟಿದ ಗಡಸು ಕಂಠವೊಂದು ಅದೇ ಮಾತನ್ನು ನೆನಪಿಸಿಕೊಂಡಾಗ ಪ್ರೇಮಭಂಗ ಹಿಂದೆ ಸರಿದು ತಾಯಿ ಮುಂದೆ ಬರುತ್ತಾಳೆ.

ಉತ್ತರ 2
ಶಾರೀರದ ಮಾತನ್ನು ಒಪ್ಪುತ್ತೇನೆ. ನನ್ನ ತಕರಾರಿರುವುದು ಹಿಮ್ಮೇಳದ ಬಗ್ಗೆ. ಟೆಂಪ್ಟೇಷನ್ಸ್‌ನಂಥ ತಂಡಗಳ ಹಾಡುಗಳನ್ನು ಹೊರತಂದ ಮೋಟೌನ್ ಸಂಸ್ಥೆಯ ಡೆಟ್ರಾಯಿಟ್ ಸ್ಟುಡಿಯೋದಲ್ಲಿ ಫಂಕ್ ಬ್ರದರ್ಸ್ ಎಂದು ಹೆಸರಾದ ವಾದಕರು ಇಕ್ಕಟ್ಟಾದ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸುತ್ತಿದ್ದರು. ಬೇಸ್ ಗಿಟಾರ್ ಕೂದಲೆಳೆಯಷ್ಟು ಹಿಂದುಳಿದರೆ ಡ್ರಮ್ ಅದಕ್ಕಾಗಿ ಕಾಯುತ್ತಿತ್ತು. ಇಲ್ಲಿ ಬಹುತೇಕ ವಾದ್ಯಗಳನ್ನು ನಿರ್ಮಾಪಕ ರಾನ್ ಅನಿಯೆಲ್ಲೊ ಒಬ್ಬರೇ ನುಡಿಸಿ, ಒಂದರ ಮೇಲೊಂದು ಸೇರಿಸಿದ್ದಾರೆ. ಲಯದಲ್ಲಿ ಲೋಪವಿಲ್ಲ, ಆದರೆ ವಾದಕರ ನಡುವಿನ ಆ ಕೊಡುಕೊಳ್ಳುವಿಕೆ ಎಲ್ಲಿಂದ ಬರಬೇಕು? 2010ರಲ್ಲಿ ಬ್ರಿಟಿಷ್ ಗಾಯಕ ಫಿಲ್ ಕಾಲಿನ್ಸ್, ಹೀಗೆಯೇ ಹಳೆಯ ಸೋಲ್ ಗೀತೆಗಳನ್ನು ಹಾಡಿದ ‘ಗೋಯಿಂಗ್ ಬ್ಯಾಕ್’ ಆಲ್ಬಂಗಾಗಿ ಫಂಕ್ ಬ್ರದರ್ಸ್‌ನ ಬಾಬ್ ಬ್ಯಾಬಿಟ್, ಎಡ್ಡಿ ವಿಲ್ಲಿಸ್ ಅವರನ್ನೇ ಕರೆಸಿದ್ದರು. ಅಲ್ಲಿ ಹಿಮ್ಮೇಳ ಗೆದ್ದಿತು, ಕಂಠ ಸೊರಗಿತು ಎಂಬುದು ಬೇರೆ ಮಾತು.

ಉತ್ತರ 3
ಇಬ್ಬರೂ ವಿಲಿಯಂ ಬೆಲ್ ಅವರ ‘ಐ ಫರ್ಗಾಟ್ ಟು ಬಿ ಯುವರ್ ಲವರ್’ ಹಾಡನ್ನು ಬಿಟ್ಟಿರುವುದು ಆಶ್ಚರ್ಯ. 1968ರಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಧ್ವನಿಮುದ್ರಣ ಸಂಸ್ಥೆಗಾಗಿ ಬೆಲ್ ಮತ್ತು ಬುಕರ್ ಟಿ. ಜೋನ್ಸ್ ರಚಿಸಿದ ಈ ವಿಳಂಬ ಗತಿಯ ಗೀತೆ, ಸಂಗಾತಿಯನ್ನು ಕಡೆಗಣಿಸಿದ ಗಂಡಸಿನ ತಪ್ಪೊಪ್ಪಿಗೆ. ಸ್ಪ್ರಿಂಗ್‌ಸ್ಟೀನ್ ಜೊತೆಗೆ ಇಲ್ಲಿ ದನಿಗೂಡಿಸಿರುವವರು, ‘ಸ್ಯಾಮ್ ಅಂಡ್ ಡೇವ್’ ಜೋಡಿಯಾಗಿ ಅದೇ ಸ್ಟ್ಯಾಕ್ಸ್‌ನಲ್ಲಿ ಹಾಡಿ ಬೆಳೆದ, ಆಗ 80 ದಾಟಿದ್ದ ಸ್ಯಾಮ್ ಮೂರ್. ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಹರೆಯದವರ ಬಾಯಲ್ಲಿ ಇದು ಮುನಿದವಳನ್ನು ಒಲಿಸಿಕೊಳ್ಳುವ ಮಾತಾದೀತು. ಈ ಇಬ್ಬರ ಬಾಯಲ್ಲಿ ಒಲಿಸಿಕೊಳ್ಳುವ ಆತುರ ಕಾಣದು, ಒಪ್ಪಿಕೊಳ್ಳುವುದೊಂದೇ ಉಳಿಯುತ್ತದೆ. ಹಿಮ್ಮೇಳದ ಕೊರತೆ ನನ್ನನ್ನು ಇಲ್ಲಿ ಕಾಡಲಿಲ್ಲ. ಆದರೆ ಪ್ರಶ್ನೆ ಕೇಳಿದವರು ಹೆಸರಿಸಿದ ಹಾಡಿನ ಮಟ್ಟಿಗೆ ನಾನು ಅವರ ಪರ: ಡೇವಿಡ್ ರಫಿನ್ ಅವರನ್ನು ಮರೆಸುವುದು ಇದರಿಂದಾಗಿಲ್ಲ. ಆಲ್ಬಂನಲ್ಲಿ ಅವರ ಅಣ್ಣ ಜಿಮ್ಮಿ ರಫಿನ್ 1966ರಲ್ಲಿ ಹಾಡಿದ ‘ವಾಟ್ ಬಿಕಮ್ಸ್ ಆಫ್ ದ ಬ್ರೋಕನ್‌ಹಾರ್ಟೆಡ್’ ಕೂಡ ಇದೆ. ನನ್ನ ಕಿವಿಗೆ ಅದು ಇದಕ್ಕಿಂತ ಚೆನ್ನಾಗಿ ಒಗ್ಗಿತು.