ಮನೆಯ ವೈಫೈಗೆ ನನ್ನ ಫೋನ್ ಮಾತ್ರ ಸೇರುತ್ತಿಲ್ಲ, ಉಳಿದದ್ದೆಲ್ಲ ಸೇರುತ್ತಿದೆ

ಕೇಳಿದವರು

ನಮಸ್ಕಾರ. ಮೂರು ದಿನಗಳಿಂದ ನನ್ನ ಆಂಡ್ರಾಯ್ಡ್ ಫೋನ್ ಮನೆಯ ವೈಫೈಗೆ ಸೇರುತ್ತಿಲ್ಲ. ಲ್ಯಾಪ್‌ಟಾಪ್, ಟಿವಿ, ಹೆಂಡತಿಯ ಫೋನ್ ಎಲ್ಲವೂ ಅದೇ ವೈಫೈಯಲ್ಲಿ ಚೆನ್ನಾಗಿ ನಡೆಯುತ್ತಿವೆ. ವೈಫೈ ಆರಿಸಿ ಹಚ್ಚಿ ನೋಡಿದೆ. ಉಳಿಸಿದ್ದ ನೆಟ್‌ವರ್ಕ್ ಅಳಿಸಿ, ಒಂದೊಂದೇ ಅಕ್ಷರ ನೋಡಿಕೊಂಡು ಐದಾರು ಬಾರಿ ಪಾಸ್‌ವರ್ಡ್ ಬರೆದೆ. ರೌಟರನ್ನೂ ಆರಿಸಿ ಹಚ್ಚಿದೆ. ಆ ಸಂಜೆ ಫೋನ್ ಸೇರಿಕೊಂಡಿತು. ಮರುದಿನ ಕೆಲಸ ಮುಗಿಸಿ ಮನೆಗೆ ಬಂದಾಗ ಮತ್ತೆ ಮೊದಲಿನಂತೆಯೇ.

ಫ್ಯಾಕ್ಟರಿ ರೀಸೆಟ್ ಮಾಡಿಬಿಡಿ ಎಂದು ಇಬ್ಬರು ಪರಿಚಿತರು ಹೇಳಿದ್ದಾರೆ. ಇಂದು ರಾತ್ರಿ ಅದನ್ನೇ ಮಾಡಬೇಕೆಂದಿದ್ದೇನೆ. ಆದರೆ ಅಮ್ಮನ ಧ್ವನಿಯ ಒಂದಷ್ಟು ರೆಕಾರ್ಡಿಂಗ್‌ಗಳು ಈ ಫೋನಿನಲ್ಲಿ ಮಾತ್ರ ಇವೆ. ಅದಕ್ಕೇ ಕೈ ಹಿಂಜರಿಯುತ್ತಿದೆ. ಬೇರೆ ದಾರಿ ಇದೆಯೇ?

ಉತ್ತರ

ದಯವಿಟ್ಟು ಇಂದು ರಾತ್ರಿ ಏನನ್ನೂ ಅಳಿಸಬೇಡಿ. ಆ ರೆಕಾರ್ಡಿಂಗ್‌ಗಳನ್ನು ಮೊದಲು ಲ್ಯಾಪ್‌ಟಾಪಿಗೆ ಕೇಬಲ್ ಮೂಲಕ ನಕಲು ಮಾಡಿಕೊಳ್ಳಿ. ವೈಫೈ ಸರಿಯಾದರೂ ಆಗದಿದ್ದರೂ ಅವು ಒಂದೇ ಕಡೆ ಇರಬಾರದು.

ರೌಟರ್ ಆರಿಸಿ ಹಚ್ಚಿದಾಗ ಒಂದು ಸಂಜೆ ಸೇರಿತು ಎಂದಿದ್ದೀರಲ್ಲ, ನೀವು ಬರೆದುದರಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಆ ಸಾಲು. ಫೋನ್ ಕೆಟ್ಟಿದ್ದರೆ ರೌಟರ್ ಆರಿಸಿದ ಮಾತ್ರಕ್ಕೆ ಅದು ಗುಣವಾಗುವುದಿಲ್ಲ. ಎರಡು ವಿಷಯ ತಿಳಿಸಿ.

ಒಂದು, ವೈಫೈ ಪಟ್ಟಿಯಲ್ಲಿ ನಿಮ್ಮ ನೆಟ್‌ವರ್ಕ್ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಏನು ಬರುತ್ತದೆ? ಅದು ಒಂದೆರಡು ಕ್ಷಣದಲ್ಲಿ ಬದಲಾಗುತ್ತಾ ಹೋಗುತ್ತದೆ. ಕಣ್ಣಿಟ್ಟು ನೋಡಿ, ಬಂದ ಕ್ರಮದಲ್ಲಿಯೇ ಬರೆಯಿರಿ. ಎರಡು, ಹೆಂಡತಿಯವರ ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ, ನಿಮ್ಮ ಫೋನನ್ನು ಅದಕ್ಕೆ ಸೇರಿಸಿ ನೋಡಿ. ಸೇರಿದರೆ ನಿಮ್ಮ ಫೋನಿನ ವೈಫೈ ಚಿಪ್, ಆಂಟೆನಾ ಎಲ್ಲ ಬಹುಮಟ್ಟಿಗೆ ಸುರಕ್ಷಿತ. ಹುಡುಕಾಟ ರೌಟರಿನ ಕಡೆಗೆ ತಿರುಗುತ್ತದೆ.

ಮತ್ತೊಬ್ಬರು

ಫೋನಿನ ದಿನಾಂಕ, ಸಮಯ ತಪ್ಪಿರಬಹುದು. ಇಲ್ಲವೇ ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನು ಮಾತ್ರ ರೀಸೆಟ್ ಮಾಡಿ, ನನಗೆ ಹೋದ ವರ್ಷ ಅದರಿಂದಲೇ ಸರಿಹೋಯಿತು.

ಉತ್ತರ

ನೆಟ್‌ವರ್ಕ್ ರೀಸೆಟ್ ಅಪಾಯದ್ದಲ್ಲ, ಫೋಟೊ, ಕಡತ ಯಾವುದೂ ಹೋಗುವುದಿಲ್ಲ. ಆದರೆ ಉಳಿಸಿಟ್ಟ ಎಲ್ಲ ವೈಫೈ ಪಾಸ್‌ವರ್ಡ್‌ಗಳೂ ಬ್ಲೂಟೂತ್ ಜೋಡಣೆಗಳೂ ಅಳಿದುಹೋಗುತ್ತವೆ. ಕಾರಣ ತಿಳಿಯುವ ಮೊದಲೇ ಅದನ್ನು ಮಾಡಿದರೆ ಇರುವ ಸುಳಿವೂ ಹೋಗಬಹುದು. ಕೊನೆಗೆ ಇಟ್ಟುಕೊಳ್ಳೋಣ.

ಸಮಯ ತಪ್ಪಿದ್ದರೆ ಮನೆಯ ಸಾಮಾನ್ಯ ಪಾಸ್‌ವರ್ಡ್ ವೈಫೈಗೆ ಸೇರಲು ಅಡ್ಡಿಯಿಲ್ಲ. ಸೇರಿದ ನಂತರ ಜಾಲತಾಣಗಳ ಭದ್ರತಾ ಪ್ರಮಾಣಪತ್ರ ಹೊಂದದೆ ಪುಟಗಳು ತೆರೆಯುವುದಿಲ್ಲ, ಅಷ್ಟೆ. ಇವರ ಫೋನ್ ಸೇರುವುದೇ ಇಲ್ಲವಲ್ಲ.

ಕೇಳಿದವರು

ರೆಕಾರ್ಡಿಂಗ್‌ಗಳನ್ನು ನಕಲು ಮಾಡಿದೆ. ಮನಸ್ಸು ಹಗುರವಾಯಿತು.

ಹಾಟ್‌ಸ್ಪಾಟಿಗೆ ಫೋನ್ ತಕ್ಷಣ ಸೇರಿತು, ವಿಡಿಯೊ ಕೂಡ ಓಡಿತು. ಮನೆಯ ವೈಫೈ ಒತ್ತಿದರೆ ಮೊದಲು "ಸಂಪರ್ಕಿಸಲಾಗುತ್ತಿದೆ", ಆಮೇಲೆ "ಐಪಿ ವಿಳಾಸ ಪಡೆಯಲಾಗುತ್ತಿದೆ" ಎಂದು ಬಂದು ಸುಮಾರು ಅರ್ಧ ನಿಮಿಷ ಅಲ್ಲಿಯೇ ನಿಲ್ಲುತ್ತದೆ. ಕೊನೆಗೆ "ಉಳಿಸಲಾಗಿದೆ" ಎಂದು ತೋರಿಸಿ ಸುಮ್ಮನಾಗುತ್ತದೆ.

ಉತ್ತರ

ಅಲ್ಲಿಗೆ ಅರ್ಧಕ್ಕಿಂತ ಹೆಚ್ಚು ದಾರಿ ಸವೆಯಿತು. ಪಾಸ್‌ವರ್ಡನ್ನು ಇನ್ನು ಮುಟ್ಟಬೇಡಿ, ಅದು ಸರಿಯಾಗಿಯೇ ಇದೆ.

ಫೋನ್ ವೈಫೈಗೆ ಸೇರುವುದು ಒಂದೇ ಹೆಜ್ಜೆಯಲ್ಲಿ ಅಲ್ಲ. ಮೊದಲು ರೌಟರಿನ ಹೆಸರು ಅದಕ್ಕೆ ಕೇಳಿಸಬೇಕು. ನಂತರ ಇಬ್ಬರಿಗೂ ಒಂದೇ ಪಾಸ್‌ವರ್ಡ್ ಗೊತ್ತಿದೆಯೇ ಎಂಬ ಪರೀಕ್ಷೆ ನಡೆಯುತ್ತದೆ. ಪಾಸ್‌ವರ್ಡನ್ನು ಗಾಳಿಯಲ್ಲಿ ಕಳಿಸದೆಯೇ, ಅದರಿಂದ ಹುಟ್ಟಿಸಿದ ಕೀಲಿಯಿಂದ ನಾಲ್ಕು ಸಂದೇಶಗಳನ್ನು ಹಂಚಿಕೊಂಡು ಈ ಪರೀಕ್ಷೆ ಮುಗಿಯುತ್ತದೆ. ಇಲ್ಲಿ ಸೋತರೆ "ದೃಢೀಕರಣ ಸಮಸ್ಯೆ" ಎಂದು ಬರುತ್ತದೆ. ಇದನ್ನು ದಾಟಿದ ಮೇಲೆಯೇ ಫೋನ್ ರೌಟರನ್ನು "ನನಗೊಂದು ವಿಳಾಸ ಕೊಡು" ಎಂದು ಕೇಳುವುದು. ಅದೇ ಐಪಿ ವಿಳಾಸ, ಮನೆಯ ಜಾಲದಲ್ಲಿ ಫೋನನ್ನು ಗುರುತಿಸುವ ಸಂಖ್ಯೆ. ಆ ವಿಳಾಸ ಹಂಚುವ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ. ವಿಳಾಸ ಸಿಕ್ಕಿಯೂ ಹೊರಗಿನ ಜಾಲ ತಲುಪದಿದ್ದರೆ "ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ" ಎನ್ನುತ್ತದೆ.

ನಿಮ್ಮ ಫೋನ್ ಬಾಗಿಲು ದಾಟಿ ಒಳಗೆ ಬಂದಿದೆ, ಕೂರಲು ಜಾಗ ಕೇಳುತ್ತಿದೆ, ಯಾರೂ ಉತ್ತರ ಕೊಡುತ್ತಿಲ್ಲ. ಇದು ನಿಜವೇ ಎಂದು ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಹೆಂಡತಿಯವರ ಫೋನಿನಲ್ಲಿ ಅದೇ ವೈಫೈಯ ವಿವರ ತೆರೆದು, ಐಪಿ ವಿಳಾಸವನ್ನೂ ಗೇಟ್‌ವೇಯನ್ನೂ (ರೌಟರಿನ ವಿಳಾಸ) ಬರೆದುಕೊಳ್ಳಿ. ಗೇಟ್‌ವೇ 192.168.1.1 ಎಂದಿದ್ದರೆ, ನಿಮ್ಮ ಫೋನಿನಲ್ಲಿ ಆ ವೈಫೈಯ ಸುಧಾರಿತ ಆಯ್ಕೆಗಳಲ್ಲಿ ಐಪಿ ಸೆಟ್ಟಿಂಗನ್ನು "ಸ್ಟ್ಯಾಟಿಕ್" ಮಾಡಿ ಹೀಗೆ ತುಂಬಿ: ವಿಳಾಸ 192.168.1.200, ಗೇಟ್‌ವೇ 192.168.1.1, ಪ್ರಿಫಿಕ್ಸ್ ಉದ್ದ 24, ಡಿಎನ್ಎಸ್ ಜಾಗದಲ್ಲಿಯೂ 192.168.1.1. ಗೇಟ್‌ವೇ ಬೇರೆ ಇದ್ದರೆ ಮೊದಲ ಮೂರು ಸಂಖ್ಯೆಗಳನ್ನು ಅದಕ್ಕೆ ಹೊಂದಿಸಿ. ಇದು ಪರೀಕ್ಷೆಗೆ ಮಾತ್ರ. ಹೀಗೆಯೇ ಬಿಟ್ಟರೆ ಮುಂದೊಂದು ದಿನ ಬೇರೊಂದು ಸಾಧನಕ್ಕೂ ಅದೇ ವಿಳಾಸ ಸಿಕ್ಕಿ ಎರಡೂ ತೊಡಕಿಗೆ ಬೀಳಬಹುದು.

ಕೇಳಿದವರು

ಸೇರಿತು! ಇಂಟರ್ನೆಟ್ಟೂ ಬಂತು. ಇದನ್ನು ಅದೇ ಫೋನಿನಿಂದ, ಮನೆಯ ವೈಫೈಯಿಂದಲೇ ಬರೆಯುತ್ತಿದ್ದೇನೆ.

ಉತ್ತರ

ಬಹಳ ಸಂತೋಷ. ಈಗ ನಿಜವಾದ ಕೆಲಸ. ರೌಟರ್ ಏಕೆ ವಿಳಾಸ ಕೊಡಲಿಲ್ಲ? ಬ್ರೌಸರಿನಲ್ಲಿ ಗೇಟ್‌ವೇ ವಿಳಾಸ ಬರೆದು ರೌಟರಿನ ಪುಟ ತೆರೆಯಿರಿ. ಅಲ್ಲಿ ಡಿಎಚ್‌ಸಿಪಿ ಎಂಬ ಭಾಗದಲ್ಲಿ ಆರಂಭದ ವಿಳಾಸ, ಕೊನೆಯ ವಿಳಾಸ, ಲೀಸ್ ಅವಧಿ (ಕೊಟ್ಟ ವಿಳಾಸ ಎಷ್ಟು ಹೊತ್ತು ಆ ಸಾಧನದ್ದು ಎಂಬುದು) ಇರುತ್ತವೆ. ಪಕ್ಕದಲ್ಲಿ ಎಲ್ಲೋ ಈಗ ವಿಳಾಸ ಪಡೆದಿರುವ ಸಾಧನಗಳ ಪಟ್ಟಿಯೂ ಇರುತ್ತದೆ. ನಾಲ್ಕನ್ನೂ ತಿಳಿಸಿ. ಇತ್ತೀಚೆಗೆ ಮನೆಗೆ ವೈಫೈ ಬಳಸುವ ಹೊಸ ವಸ್ತು ಏನಾದರೂ ಬಂದಿದೆಯೇ?

ಕೇಳಿದವರು

ಆರಂಭ 192.168.1.100, ಕೊನೆ 192.168.1.109. ಲೀಸ್ 120 ನಿಮಿಷ. ಪಟ್ಟಿಯಲ್ಲಿ ಹತ್ತು ಸಾಧನಗಳಿವೆ. ಶನಿವಾರ ಬಾಗಿಲ ಬಳಿ ಒಂದು ಕ್ಯಾಮೆರಾ ಹಾಕಿದೆ. ಆದರೆ ಆ ದಿನವೂ ಭಾನುವಾರವೂ ಫೋನ್ ಚೆನ್ನಾಗಿಯೇ ಸೇರಿತ್ತು, ಹಾಗಾಗಿ ಅದರ ಮೇಲೆ ಅನುಮಾನ ಬರಲಿಲ್ಲ.

ಇನ್ನೊಂದು ಆತಂಕ. ಪಟ್ಟಿಯಲ್ಲಿ ಲ್ಯಾಪ್‌ಟಾಪ್, ಟಿವಿ, ಹೆಂಡತಿಯ ಫೋನ್, ಪ್ರಿಂಟರ್, ಕ್ಯಾಮೆರಾ ಗುರುತು ಸಿಕ್ಕಿದವು. ಒಂದೇ ಬಗೆಯ ಅರ್ಥವಾಗದ ಹೆಸರಿನ ನಾಲ್ಕು ಇವೆ. ಹತ್ತನೆಯದಕ್ಕೆ ಹೆಸರೇ ಇಲ್ಲ. ಹೊರಗಿನವರು ಯಾರೋ ನಮ್ಮ ವೈಫೈ ಬಳಸುತ್ತಿದ್ದಾರೆಯೇ?

ಉತ್ತರ

100ರಿಂದ 109ರವರೆಗೆ ಎಂದರೆ ಒಟ್ಟು ಹತ್ತೇ ವಿಳಾಸ. ಹತ್ತೂ ಹಂಚಿಹೋಗಿವೆ. ಹನ್ನೊಂದನೆಯವರಾಗಿ ಬಂದ ನಿಮ್ಮ ಫೋನಿಗೆ ಜಾಗವಿಲ್ಲ. ಯಾರೋ ಎಂದೋ ಭದ್ರತೆಗೆಂದು ಹೀಗೆ ಬಿಗಿ ಮಾಡಿರಬೇಕು. ಆದರೆ ಪಾಸ್‌ವರ್ಡ್ ಗೊತ್ತಿರುವವರು ನಿಮ್ಮಂತೆಯೇ ಕೈಯಾರೆ ವಿಳಾಸ ತುಂಬಿ ಒಳಗೆ ಬರಬಹುದು. ಅಂದರೆ ಇದು ಕಳ್ಳರನ್ನು ತಡೆಯುವುದಿಲ್ಲ, ಮನೆಯವರನ್ನು ತಡೆಯುತ್ತದೆ.

ಆತಂಕ ಬೇಡ, ಪರೀಕ್ಷಿಸೋಣ. ಮನೆಯಲ್ಲಿ ವೈಫೈ ಬಲ್ಬುಗಳು ನಾಲ್ಕು ಇವೆಯೇ? ಹೆಸರಿಲ್ಲದ ಸಾಧನದ ಮ್ಯಾಕ್ ವಿಳಾಸ ನೋಡಿ, ಅದು ಸಾಧನ ವೈಫೈಯಲ್ಲಿ ತೋರಿಸುವ ಗುರುತು ಸಂಖ್ಯೆ. ಎರಡೆರಡು ಅಂಕಿ-ಅಕ್ಷರಗಳ ಆರು ಜೋಡಿಗಳಿರುತ್ತವೆ. ಮೊದಲ ಜೋಡಿಯಲ್ಲಿ ಎರಡನೆಯದು 2, 6, ಎ (A) ಅಥವಾ ಇ (E) ಆಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಲ್ಲ, ಖಾಸಗಿತನಕ್ಕಾಗಿ ಸಾಧನವೇ ಕಟ್ಟಿಕೊಂಡ ವಿಳಾಸ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ಐಫೋನ್, ಐಪ್ಯಾಡ್‌ಗಳಲ್ಲಿ 2020ರಿಂದ, ಅಂದರೆ ಐಓಎಸ್ 14ರ ಕಾಲದಿಂದ ಇದು ತಾನಾಗಿಯೇ ನಡೆಯುತ್ತದೆ. ಆಂಡ್ರಾಯ್ಡಿನಲ್ಲಿ 2019ರ 10ನೆಯ ಆವೃತ್ತಿಯಿಂದ. ಮನೆಯಲ್ಲಿ ಟ್ಯಾಬ್ಲೆಟ್ ಇದ್ದರೆ ಅದರ ವೈಫೈ ಆರಿಸಿ, ಹೆಸರಿಲ್ಲದ ಸಾಲು ಲೀಸ್ ಮುಗಿದ ಮೇಲೆ ಮಾಯವಾಗುತ್ತದೆಯೇ ನೋಡಿ.

ಕ್ಯಾಮೆರಾ ಹಾಕಿದ ದಿನ ಎಲ್ಲ ಸರಿಯಿದ್ದುದಕ್ಕೂ ಕಾರಣ ಇರಬೇಕು. ಆ ಎರಡು ದಿನ ಯಾವ ಸಾಧನ ಆರಿತ್ತು?

ಕೇಳಿದವರು

ಪ್ರಿಂಟರ್! ಶನಿವಾರ, ಭಾನುವಾರ ಅದು ಆರಿತ್ತು. ಸೋಮವಾರ ನಾನು ಹೊರಗಿದ್ದಾಗ ಹೆಂಡತಿ ಹಚ್ಚಿದಳು, ಆಮೇಲೆ ಯಾರೂ ಆರಿಸಿಲ್ಲ. ಬಲ್ಬುಗಳು ನಾಲ್ಕೇ. ಹೆಸರಿಲ್ಲದ ವಿಳಾಸದ ಎರಡನೆಯ ಅಕ್ಷರ "ಇ". ಟ್ಯಾಬ್ಲೆಟ್ ಆರಿಸಿ ಎರಡು ಗಂಟೆ ಬಿಟ್ಟು ನೋಡಿದೆ, ಆ ಸಾಲು ಇಲ್ಲ. ಹಾಗಾದರೆ ಹೊರಗಿನವರು ಯಾರೂ ಇಲ್ಲ.

ಆದರೂ ಒಂದು ಪ್ರಶ್ನೆ. ಹನ್ನೊಂದು ಸಾಧನಗಳಲ್ಲಿ ಪ್ರತಿಬಾರಿ ನನ್ನ ಫೋನೇ ಏಕೆ ಸಿಕ್ಕಿಬೀಳುತ್ತದೆ?

ಉತ್ತರ

ಪ್ರತಿದಿನ ಮನೆಯಿಂದ ಹೊರಗೆ ಹೋಗುವುದು ಅದೊಂದೇ, ಅದಕ್ಕೆ. ರೌಟರ್ ವಿಳಾಸವನ್ನು ಕೊಡುವುದು ಗೇಣಿಗೆ ಕೊಟ್ಟಂತೆ, ನಿಮ್ಮಲ್ಲಿ ಎರಡು ಗಂಟೆಗೆ. ಮನೆಯಲ್ಲಿಯೇ ಇರುವ ಬಲ್ಬು, ಟಿವಿ, ಕ್ಯಾಮೆರಾಗಳು ಅರ್ಧ ಅವಧಿ ಕಳೆಯುತ್ತಲೇ ಕೇಳಿ ಗೇಣಿ ಮುಂದುವರಿಸಿಕೊಳ್ಳುತ್ತವೆ. ನಿಮ್ಮ ಫೋನ್ ಹೊರಟ ಎರಡು ಗಂಟೆಯೊಳಗೆ ಅದರ ಗೇಣಿ ಮುಗಿಯುತ್ತದೆ. ಸೋಮವಾರ ಆ ಜಾಗಕ್ಕೆ ಪ್ರಿಂಟರ್ ಬಂದು ಕುಳಿತಿತು. ರೌಟರ್ ಆರಿಸಿ ಹಚ್ಚಿದ ಸಂಜೆ ಅದರ ಪಟ್ಟಿ ಬರಿದಾಗಿ ಎಲ್ಲವೂ ಒಟ್ಟಿಗೆ ಕೈಯೊಡ್ಡಿದವು, ಆ ನೂಕುನುಗ್ಗಲಿನಲ್ಲಿ ನಿಮ್ಮ ಫೋನಿಗೂ ಒಂದು ಸಿಕ್ಕಿರಬೇಕು. ಮರುದಿನ ನೀವು ಹೊರಗೆ ಹೋದಿರಿ, ಜಾಗವೂ ಹೋಯಿತು.

ಕೊನೆಯ ವಿಳಾಸವನ್ನು 192.168.1.199 ಮಾಡಿ, ನೂರು ವಿಳಾಸಗಳಾಗುತ್ತವೆ. ಲೀಸನ್ನು 1440 ನಿಮಿಷ, ಅಂದರೆ ಒಂದು ದಿನ ಮಾಡಿ. ಉಳಿಸಿದ ಮೇಲೆ ಫೋನಿನ ಐಪಿ ಸೆಟ್ಟಿಂಗನ್ನು ಮರೆಯದೆ ಮತ್ತೆ ಡಿಎಚ್‌ಸಿಪಿಗೆ ತನ್ನಿ.

ಮೂರನೆಯವರು

ನನಗೂ ಇದೇ ಸಮಸ್ಯೆ. ಹೊಸ ರೌಟರ್ ತಂದು, ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಟ್ಟೆ. ಹೊಸ ಫೋನ್‌ಗಳು ಸೇರಿದವು. ಅಪ್ಪನ ಏಳು ವರ್ಷ ಹಳೆಯ ಫೋನ್ ಮಾತ್ರ "ದೃಢೀಕರಣ ಸಮಸ್ಯೆ" ಎನ್ನುತ್ತಿದೆ. ವಿಳಾಸಗಳ ಸಂಖ್ಯೆ ಹೆಚ್ಚಿಸಿದೆ, ಪ್ರಯೋಜನವಾಗಲಿಲ್ಲ.

ಉತ್ತರ

ಹೊರಗಿನಿಂದ ಒಂದೇ ಕಂಡರೂ ನಿಮ್ಮದು ಬೇರೆ. ನಿಮ್ಮ ತಂದೆಯವರ ಫೋನ್ ವಿಳಾಸ ಕೇಳುವ ಹಂತಕ್ಕೇ ಬಂದಿಲ್ಲ, ಹಿಂದಿನ ಪರೀಕ್ಷೆಯಲ್ಲಿಯೇ ನಿಂತಿದೆ. ರೌಟರಿನ ವೈರ್‌ಲೆಸ್ ಭದ್ರತೆ ಡಬ್ಲ್ಯುಪಿಎ3 (ಆ ಪರೀಕ್ಷೆಯ ಹೊಸ ವಿಧಾನ) ಎಂದಿದೆಯೇ ನೋಡಿ. ಅದು 2018ರಲ್ಲಿ ಬಂದದ್ದು, ಅಷ್ಟು ಹಳೆಯ ಫೋನ್‌ಗಳಲ್ಲಿ ಅನೇಕಕ್ಕೆ ಅದು ತಿಳಿಯುವುದಿಲ್ಲ. ಡಬ್ಲ್ಯುಪಿಎ2 ಮತ್ತು 3 ಒಟ್ಟಿಗೆ ಇರುವ ಆಯ್ಕೆಗೆ ಬದಲಿಸಿ, ಫೋನಿನಲ್ಲಿ ಉಳಿದಿರುವ ನೆಟ್‌ವರ್ಕ್ ಅಳಿಸಿ ಹೊಸದಾಗಿ ಸೇರಿಸಿ. ಆಗಲೂ ಸೇರದಿದ್ದರೆ ಪಿಎಂಎಫ್ (ಸಂಪರ್ಕ ನಿರ್ವಹಣೆಯ ಸಂದೇಶಗಳಿಗೆ ರಕ್ಷಣೆ) ಎಂಬ ಆಯ್ಕೆ "ಕಡ್ಡಾಯ" ಎಂದಿರಬಹುದು, ಅದನ್ನು "ಐಚ್ಛಿಕ" ಮಾಡಿ. ಕೆಲವು ಫೋನ್‌ಗಳು ಈ ಮಿಶ್ರ ಆಯ್ಕೆಯಲ್ಲಿಯೂ ಎಡವುತ್ತವೆ. ಹಾಗಾದರೆ ಅತಿಥಿ ನೆಟ್‌ವರ್ಕ್ ಒಂದನ್ನು ಡಬ್ಲ್ಯುಪಿಎ2 ಮತ್ತು ಎಇಎಸ್ ಗೂಢಲಿಪಿ ಇಟ್ಟು ತೆರೆದು, ಆ ಫೋನನ್ನು ಅಲ್ಲಿಗೆ ಸೇರಿಸಿ. ಹಳೆಯ ಭದ್ರತಾ ವಿಧಾನಗಳಾದ ಡಬ್ಲ್ಯುಇಪಿ, ಟಿಕೆಐಪಿಗಳ ಕಡೆಗೆ ಮಾತ್ರ ಹೋಗಬೇಡಿ. ಎರಡೂ ಸುರಕ್ಷಿತವಲ್ಲ, ವೇಗವೂ ಸೆಕೆಂಡಿಗೆ 54 ಮೆಗಾಬಿಟ್‌ಗೆ ಇಳಿಯುತ್ತದೆ.

ಫೋನಿಗೆ ನೆಟ್‌ವರ್ಕಿನ ಹೆಸರೇ ಕಾಣದಿದ್ದರೆ ಅದು ಮತ್ತೂ ಬೇರೆ ತೊಂದರೆ. ರೌಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಪ್ರಸಾರ ಮಾಡುತ್ತಿದ್ದು ಫೋನಿಗೆ 2.4 ಮಾತ್ರ ಗೊತ್ತಿರಬಹುದು. ಇಲ್ಲವೇ 2.4ರಲ್ಲಿ ಚಾನೆಲ್ 12 ಅಥವಾ 13 ಆಯ್ಕೆಯಾಗಿದ್ದು, 11ರವರೆಗೆ ಮಾತ್ರ ಕೇಳುವಂತೆ ಹೊಂದಿಸಿದ ಫೋನಿಗೆ ಅದು ಕಾಣದೇ ಹೋಗಬಹುದು. ಚಾನೆಲನ್ನು 1, 6 ಅಥವಾ 11ಕ್ಕೆ ತಂದರೆ ಸಾಕು.

ಮೂರನೆಯವರು

ಡಬ್ಲ್ಯುಪಿಎ3 ಮಾತ್ರ ಇತ್ತು. ಮಿಶ್ರ ಮಾಡಿದೆ, ಸೇರಲಿಲ್ಲ. ಪಿಎಂಎಫ್ ಐಚ್ಛಿಕ ಮಾಡಿದ ಕೂಡಲೇ ಸೇರಿತು. ಅಪ್ಪ ಪತ್ರಿಕೆ ಓದಲು ಶುರು ಮಾಡಿದ್ದಾರೆ.

ಕೇಳಿದವರು

ಎರಡು ದಿನ ಕಾದು ಬರೆಯುತ್ತಿದ್ದೇನೆ. ಕೊನೆಯ ವಿಳಾಸ 199, ಲೀಸ್ 1440 ನಿಮಿಷ. ಫೋನನ್ನು ಡಿಎಚ್‌ಸಿಪಿಗೆ ಮರಳಿಸಿದೆ, ಅದಕ್ಕೆ 192.168.1.110 ಸಿಕ್ಕಿತು. ನಿನ್ನೆಯೂ ಇಂದೂ ಮನೆಗೆ ಬಂದಾಗ, ಪ್ರಿಂಟರ್ ಹಚ್ಚಿರುವಾಗಲೇ, ಬಾಗಿಲು ತೆರೆಯುವಷ್ಟರಲ್ಲಿ ತಾನಾಗಿಯೇ ಸೇರಿಕೊಂಡಿತು.

ಉತ್ತರ

110, ಹನ್ನೊಂದನೆಯ ಜಾಗ. ಅಮ್ಮನ ರೆಕಾರ್ಡಿಂಗ್‌ಗಳ ನಕಲನ್ನು ಲ್ಯಾಪ್‌ಟಾಪಿನಿಂದ ಅಳಿಸಬೇಡಿ.